ಸ್ಪೀಕರ್ ಇಲ್ಲದ ಸದನ, ಹೃದಯಕ್ಕಾಗಿ ಕಾದ ಬಾಲಕ

2023ರ ಫೆಬ್ರವರಿ 14ರಂದು ಉತ್ತರ ಐರ್ಲೆಂಡಿನ ಶಾಸನಸಭೆಯನ್ನು ವಿಶೇಷವಾಗಿ ಕರೆಯಲಾಗಿತ್ತು. ಬೆಲ್‌ಫಾಸ್ಟ್ ನಗರದ ಪೂರ್ವಕ್ಕೆ, ಸ್ಟೋರ್ಮಾಂಟ್ ಎಂಬ ದಿಬ್ಬದ ಮೇಲೆ 1932ರಲ್ಲಿ ಉದ್ಘಾಟನೆಗೊಂಡ ಭವ್ಯವಾದ ಬಿಳಿ ಕಟ್ಟಡದಲ್ಲಿ ಆ ಸಭೆ ಸೇರುತ್ತದೆ. ಅಂದು ಅಲ್ಲಿ ತೀರ್ಮಾನವಾಗಬೇಕಿದ್ದ ವಿಷಯ ದೊಡ್ಡದೇನಲ್ಲ. ಅಂಗಾಂಗ ದಾನದ ಬಗ್ಗೆ ಒಂದು ಕಾನೂನನ್ನು ಅದೇ ಸದನ 2022ರ ಆರಂಭದಲ್ಲಿ ಅಂಗೀಕರಿಸಿತ್ತು. ಅದು ಜಾರಿಗೆ ಬರಬೇಕಾದರೆ ಒಂದು ಪೂರಕ ನಿಯಮಾವಳಿಗೆ ಸದನದ ಒಪ್ಪಿಗೆ ಬೇಕಿತ್ತು. ಸಾರ್ವಜನಿಕರ ಗ್ಯಾಲರಿಯಲ್ಲಿ ಆರು ವರ್ಷದ ಬಾಲಕನೊಬ್ಬ ಹೆತ್ತವರ ಜೊತೆ ಕುಳಿತಿದ್ದ. ಹುಟ್ಟಿನಿಂದಲೇ ಹೃದಯದ ಕಾಯಿಲೆಯಿರುವ ಆತ 2018ರಿಂದ ಇನ್ನೊಂದು ಹೃದಯಕ್ಕಾಗಿ ಕಾಯುತ್ತಿದ್ದ. ಆ ಕಾನೂನನ್ನು ಅಲ್ಲಿನ ಜನ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಸದನ ಏನನ್ನೂ ಮಾಡಲಿಲ್ಲ. ನಿಯಮಾವಳಿಯನ್ನು ತಿರಸ್ಕರಿಸಿತೆಂದಲ್ಲ, ಅದು ಚರ್ಚೆಗೇ ಬರಲಿಲ್ಲ. ಏಕೆಂದರೆ ಚರ್ಚೆ ನಡೆಸಲು ಸದನಕ್ಕೆ ಸ್ಪೀಕರ್ ಇರಲಿಲ್ಲ. ಸ್ಪೀಕರರನ್ನು ಆಯ್ಕೆ ಮಾಡಲು ಒಂದು ಪಕ್ಷ ಒಪ್ಪಲಿಲ್ಲ. ಆ ಪಕ್ಷದ ಹೆಸರು ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ, ಸಂಕ್ಷಿಪ್ತವಾಗಿ ಡಿಯುಪಿ. 90 ಸದಸ್ಯರ ಸದನದಲ್ಲಿ ಅದಕ್ಕಿದ್ದದ್ದು 25 ಸ್ಥಾನ.

ಪ್ರಜಾಪ್ರಭುತ್ವದ ತವರೆಂದು ತನ್ನನ್ನು ಕರೆದುಕೊಳ್ಳುವ ಬ್ರಿಟನ್ನಿನ ಒಂದು ಭಾಗದಲ್ಲಿ 25 ಮಂದಿ 65 ಮಂದಿಯನ್ನು ಸುಮ್ಮನೆ ಕೂರಿಸಿದ್ದು ಹೇಗೆ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ಅದಕ್ಕೆ ಉತ್ತರ ಅಲ್ಲಿನ ಕಾನೂನಿನಲ್ಲೇ ಇದೆ. ಸದನಕ್ಕೆ ಆಯ್ಕೆಯಾದ ಪ್ರತಿಯೊಬ್ಬ ಸದಸ್ಯನೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ತಾನು ಯಾವ ಬಣದವನೆಂದು ಬರೆಯಬೇಕು. ಬ್ರಿಟನ್ನಿನೊಂದಿಗೇ ಇರಬೇಕೆನ್ನುವವರು 'ಯೂನಿಯನಿಸ್ಟ್'. ಐರ್ಲೆಂಡಿನೊಂದಿಗೆ ಒಂದಾಗಬೇಕೆನ್ನುವವರು 'ನ್ಯಾಷನಲಿಸ್ಟ್'. ಎರಡೂ ಬೇಡವೆನ್ನುವವರು 'ಇತರರು'. ಸ್ಪೀಕರ್ ಆಯ್ಕೆಗೆ ಬರಿಯ ಬಹುಮತ ಸಾಲದು, ಎರಡೂ ಸಮುದಾಯಗಳ ಬೆಂಬಲ ಬೇಕು. ಒಂದೋ ಎರಡೂ ಬಣಗಳಲ್ಲಿ ಪ್ರತ್ಯೇಕವಾಗಿ ಬಹುಮತ ಸಿಗಬೇಕು; ಇಲ್ಲವೇ ಮತ ಹಾಕಿದವರಲ್ಲಿ ಒಟ್ಟು ಶೇ. 60ರಷ್ಟು, ಜೊತೆಗೆ ಪ್ರತಿ ಬಣದಲ್ಲೂ ಕನಿಷ್ಠ ಶೇ. 40ರಷ್ಟು ಮತ ಸಿಗಬೇಕು.

ಈಗ ಲೆಕ್ಕ ಹಾಕಿ ನೋಡೋಣ. 2022ರ ಮೇ ತಿಂಗಳ ಚುನಾವಣೆಯಲ್ಲಿ ಯೂನಿಯನಿಸ್ಟ್ ಬಣಕ್ಕೆ ಬಂದ ಸ್ಥಾನಗಳು 37. ಅದರಲ್ಲಿ ಡಿಯುಪಿಯದ್ದೇ 25. ಉಳಿದದ್ದು 12. ಆ 12 ಮಂದಿ ಒಬ್ಬರೂ ತಪ್ಪದೆ ಕೈ ಎತ್ತಿದರೂ ಅದು ಬಣದ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ, ಶೇ. 40 ದೂರದ ಮಾತು. ಅಂದರೆ ನ್ಯಾಷನಲಿಸ್ಟ್ ಬಣದ 35, ಇತರರ 18, ಡಿಯುಪಿಯನ್ನು ಬಿಟ್ಟ ಯೂನಿಯನಿಸ್ಟರ 12, ಎಲ್ಲವನ್ನೂ ಕೂಡಿಸಿದರೆ ಆಗುವ 65 ಮಂದಿ ಒಂದೇ ಧ್ವನಿಯಲ್ಲಿ ಬೇಕೆಂದರೂ ಒಬ್ಬ ಸ್ಪೀಕರ್ ಆ ಪೀಠದಲ್ಲಿ ಕೂರಲಾರ. ಫೆಬ್ರವರಿ 14ರಂದು ನಡೆದದ್ದು ಇದೇ. 2022ರ ಮೇ 13ರ ಮೊದಲ ಸಭೆಯಿಂದ ಆರಂಭಿಸಿ ಅದಕ್ಕೂ ಮುನ್ನ ಹಲವು ಬಾರಿ ನಡೆದದ್ದೂ ಇದೇ. ಪ್ರತಿ ಸಲವೂ ಹೆಸರು ಸೂಚಿಸುವುದು, ಮತಕ್ಕೆ ಹಾಕುವುದು, ಅದು ಬೀಳುವುದು, ಎಲ್ಲರೂ ಎದ್ದು ಹೋಗುವುದು. ಚುನಾವಣೆಗೆ ನಿಲ್ಲದೆ ನಿವೃತ್ತರಾಗಿದ್ದ ಹಿಂದಿನ ಸ್ಪೀಕರ್ ಅಲೆಕ್ಸ್ ಮಾಸ್ಕಿ ಅವರೇ ಉತ್ತರಾಧಿಕಾರಿ ಸಿಗದ ಕಾರಣಕ್ಕೆ ಪೀಠಕ್ಕೆ ಬಂದು ಈ ವ್ಯರ್ಥ ವಿಧಿಯನ್ನು ನೆರವೇರಿಸಿ ಹೋಗಬೇಕಾಗಿತ್ತು.

ನಮ್ಮ ವಿಧಾನಸಭೆಗಳಲ್ಲಿ ಎಷ್ಟೇ ಕಚ್ಚಾಟವಿದ್ದರೂ ಸ್ಪೀಕರ್ ಆಯ್ಕೆಯಾದ ಬಳಿಕ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಕೂಡಿ ಅವರನ್ನು ಪೀಠದವರೆಗೆ ಕರೆದೊಯ್ಯುವ ಪದ್ಧತಿ ಇದೆ. ಅದನ್ನು ಬರಿಯ ಶಿಷ್ಟಾಚಾರವೆಂದು ನಾವು ನಗಬಹುದು. ಆದರೆ ಪೀಠ ಯಾರ ಸೊತ್ತೂ ಅಲ್ಲವೆಂದು ಎಲ್ಲರೂ ಒಪ್ಪಿದ ಮೇಲಷ್ಟೇ ಉಳಿದ ಜಗಳ ಆರಂಭವಾಗಲಿ ಎಂಬ ತಿಳುವಳಿಕೆ ಅದರ ಹಿಂದಿದೆ. ಸ್ಟೋರ್ಮಾಂಟ್‌ನಲ್ಲಿ ಜಗಳವೇ ಪೀಠಕ್ಕಿಂತ ಮೊದಲು ಬಂದು ಬಾಗಿಲಲ್ಲಿ ಕುಳಿತಿತು.

ಹಾಗಾದರೆ ಇಂತಹ ವಿಚಿತ್ರ ನಿಯಮವನ್ನು ಯಾರು ಮಾಡಿದರು? ಇಲ್ಲಿ ಅವಸರದ ತೀರ್ಪು ಸಲ್ಲದು. ಈ ನಿಯಮದ ಬೇರು ಆಳದಲ್ಲಿದೆ ಮತ್ತು ಅದು ನ್ಯಾಯದ ಬೇರು. 1921ರಿಂದ 1972ರವರೆಗೆ ಉತ್ತರ ಐರ್ಲೆಂಡಿಗೆ ತನ್ನದೇ ಸಂಸತ್ತು ಇತ್ತು. ಆ ಐವತ್ತು ವರ್ಷವೂ ಅಧಿಕಾರದಲ್ಲಿದ್ದದ್ದು ಒಂದೇ ಪಕ್ಷ. ಪ್ರೊಟೆಸ್ಟಂಟ್ ಬಹುಸಂಖ್ಯೆಯ ಆ ಪ್ರಾಂತ್ಯದಲ್ಲಿ ಕ್ಯಾಥೊಲಿಕರು ಪ್ರತಿ ಚುನಾವಣೆಯಲ್ಲೂ ಮತ ಹಾಕಿದರು, ಪ್ರತಿ ಸಲವೂ ಸೋತರು. ಸರಕಾರಿ ಮನೆಗಳ ಹಂಚಿಕೆಯಲ್ಲಿ, ಉದ್ಯೋಗದಲ್ಲಿ ಅವರಿಗೆ ಅನ್ಯಾಯವಾಯಿತು. ಡೆರ್ರಿ ನಗರದಲ್ಲಿ ಅವರೇ ಹೆಚ್ಚಿದ್ದರೂ ವಾರ್ಡುಗಳ ಗಡಿಯನ್ನು ಬೇಕಾದಂತೆ ಎಳೆದು ನಗರಸಭೆಯನ್ನು ಯೂನಿಯನಿಸ್ಟರ ಕೈಯಲ್ಲೇ ಇರಿಸಲಾಯಿತು. ಎಲ್ಲವೂ ಬಹುಮತದ ಹೆಸರಿನಲ್ಲಿ, ಕಾನೂನಿನ ಚೌಕಟ್ಟಿನೊಳಗೆ. 1968ರಲ್ಲಿ ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರ ಲಾಠಿ ಬಿತ್ತು. ಆ ಬಳಿಕದ ಮೂರು ದಶಕಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಇಷ್ಟಾದ ಮೇಲೆ 1998ರ ಏಪ್ರಿಲ್ 10ರಂದು ಆದ ಒಪ್ಪಂದವೇ ಈಗಿನ ಶಾಸನಸಭೆಯ ತಾಯಿ. ತಲೆ ಎಣಿಸಿ ಆಳುವ ಪದ್ಧತಿ ಇಲ್ಲಿ ನಡೆಯದು, ಒಂದು ಸಮುದಾಯ ಇನ್ನೊಂದನ್ನು ಬರಿಯ ಸಂಖ್ಯಾಬಲದಿಂದ ತುಳಿಯುವಂತಿಲ್ಲ ಎಂದು ಆ ಒಪ್ಪಂದ ಹೇಳಿತು. ಬಹುಮತಕ್ಕೆ ಲಗಾಮು ಹಾಕುವುದು ಪ್ರಜಾಪ್ರಭುತ್ವಕ್ಕೆ ವಿರುದ್ಧವೆಂದು ವಾದಿಸುವವರು ಉತ್ತರ ಐರ್ಲೆಂಡಿನ ಆ ಐವತ್ತು ವರ್ಷಗಳ ಚರಿತ್ರೆಯನ್ನು ಓದಲಿ. ಎರಡೂ ಸಮುದಾಯಗಳ ಒಪ್ಪಿಗೆ ಬೇಕೆಂಬ ತತ್ವವನ್ನು ಈ ಲೇಖನ ಪ್ರಶ್ನಿಸುತ್ತಿಲ್ಲ. ದುರ್ಬಲರ ಕೈಗೆ ಕೊಟ್ಟ ಗುರಾಣಿಯನ್ನು ಬಾಗಿಲ ಬೀಗವಾಗಿ ಬಳಸಿದ್ದನ್ನು ಪ್ರಶ್ನಿಸುತ್ತಿದೆ.

ಡಿಯುಪಿಯ ವಾದವನ್ನೂ ಕೇಳೋಣ. ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬಂದಾಗ ಐರ್ಲೆಂಡ್ ದ್ವೀಪದ ಮಧ್ಯದಲ್ಲಿ ಗಡಿ ತಪಾಸಣೆ ಮರಳಿ ಬರಬಾರದೆಂದು ಒಂದು ವ್ಯವಸ್ಥೆಯನ್ನು ಮಾಡಲಾಯಿತು. ಅದನ್ನು ಉತ್ತರ ಐರ್ಲೆಂಡ್ ಪ್ರೊಟೊಕಾಲ್ ಎನ್ನುತ್ತಾರೆ. 2021ರ ಜನವರಿಯಿಂದ ಅದರಂತೆ ಬ್ರಿಟನ್ನಿನಿಂದ ಉತ್ತರ ಐರ್ಲೆಂಡಿಗೆ ಬರುವ ಸರಕುಗಳಿಗೆ ತಪಾಸಣೆ ಬಂತು. ಸ್ವಂತ ದೇಶದೊಳಗೇ ನಡುವೆ ಗಡಿ ಎಳೆದರು, ನಮ್ಮ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ ಎಂದು ಯೂನಿಯನಿಸ್ಟರು ನೊಂದರು. ಆ ನೋವು ನಟನೆಯಲ್ಲ. ಅದನ್ನು ಮುಂದಿಟ್ಟು 2022ರ ಫೆಬ್ರವರಿಯಲ್ಲಿ ಡಿಯುಪಿಯ ಫಸ್ಟ್ ಮಿನಿಸ್ಟರ್ ಪಾಲ್ ಗಿವನ್ ರಾಜೀನಾಮೆ ನೀಡಿದರು. ಚುನಾವಣೆಯಲ್ಲೂ ಪಕ್ಷ ಅದನ್ನೇ ಹೇಳಿ ಮತ ಕೇಳಿತು. ನಾವು ಮತದಾರರಿಗೆ ಕೊಟ್ಟ ಮಾತನ್ನಷ್ಟೇ ಪಾಲಿಸುತ್ತಿದ್ದೇವೆ ಎಂಬುದು ಅವರ ಸಮರ್ಥನೆ.

ಆದರೆ ಪ್ರೊಟೊಕಾಲನ್ನು ಬದಲಿಸುವ ಅಧಿಕಾರ ಸ್ಟೋರ್ಮಾಂಟ್‌ಗೆ ಇತ್ತೇ? ಇರಲಿಲ್ಲ. ಅದು ಲಂಡನ್ ಮತ್ತು ಬ್ರಸೆಲ್ಸ್ ನಡುವಿನ ಒಪ್ಪಂದ. ಮುನಿಸು ಲಂಡನ್ನಿನ ಮೇಲೆ, ಉಪವಾಸ ಬೆಲ್‌ಫಾಸ್ಟಿನ ರೋಗಿಗಳಿಗೆ! ಅಂಗಾಂಗ ದಾನದ ಆ ನಿಯಮಾವಳಿಗೂ ಸರಕುಗಳ ತಪಾಸಣೆಗೂ ಯಾವ ಸಂಬಂಧವೂ ಇರಲಿಲ್ಲ. ಯೂನಿಯನಿಸ್ಟ್ ಮನೆಯ ಮಗುವಿನ ಹೃದಯವೂ ನ್ಯಾಷನಲಿಸ್ಟ್ ಮನೆಯ ಮಗುವಿನ ಹೃದಯವೂ ಒಂದೇ ಆಸ್ಪತ್ರೆಯ ಒಂದೇ ಪಟ್ಟಿಯಲ್ಲಿ ಕಾಯುತ್ತವೆ. ಆ ನಿಯಮಾವಳಿಯಿಂದ ಯಾವ ಸಮುದಾಯದ ಯಾವ ಹಕ್ಕು ಕುಂದುತ್ತಿತ್ತು? ಡಿಯುಪಿಯೇ ಹೇಳಲಿಲ್ಲ. ನಾವು ಆ ಕಾನೂನಿಗೆ ವಿರೋಧಿಗಳಲ್ಲ, ಬೇಕಿದ್ದರೆ ಲಂಡನ್ನಿನ ಸಂಸತ್ತೇ ಅದನ್ನು ಮಾಡಲಿ ಎಂದಿತು.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿಷಯ ಇಷ್ಟೆ: ಹೊಸ ಕಾನೂನಿನ ಪ್ರಕಾರ ವಯಸ್ಕನೊಬ್ಬ ಬೇಡವೆಂದು ಮೊದಲೇ ದಾಖಲಿಸದಿದ್ದರೆ ಮರಣಾನಂತರ ಅಂಗಾಂಗ ದಾನಕ್ಕೆ ಆತನ ಸಮ್ಮತಿ ಇದೆಯೆಂದು ಭಾವಿಸಲಾಗುತ್ತದೆ, ಆದರೂ ಕುಟುಂಬದವರನ್ನು ಕೇಳಲಾಗುತ್ತದೆ. ಯಾವ ಯಾವ ಅಂಗಗಳಿಗೆ ಈ ಭಾವಿತ ಸಮ್ಮತಿ ಅನ್ವಯಿಸುತ್ತದೆ ಎಂಬುದನ್ನು ನಿರ್ದಿಷ್ಟಪಡಿಸುವುದೇ ಆ ಪೂರಕ ನಿಯಮಾವಳಿಯ ಕೆಲಸ. ವೇಲ್ಸ್ ಇಂತಹ ಕಾನೂನನ್ನು 2015ರ ಡಿಸೆಂಬರ್‌ನಲ್ಲೇ ತಂದಿತ್ತು. ಇಂಗ್ಲೆಂಡ್ 2020ರಲ್ಲಿ, ಸ್ಕಾಟ್ಲೆಂಡ್ 2021ರಲ್ಲಿ ತಂದವು. ಕೊನೆಗೆ ಉಳಿದದ್ದು ಉತ್ತರ ಐರ್ಲೆಂಡ್ ಒಂದೇ. ಸ್ಟೋರ್ಮಾಂಟ್ ಕೈಚೆಲ್ಲಿದ ಮೇಲೆ ಲಂಡನ್ನಿನ ಸರಕಾರ ತಾನೇ ಮುಂದಾಯಿತು. ಚುನಾವಣೆಯ ಗಡುವನ್ನು ಮುಂದೂಡಲೆಂದು ಬೇರೆಯೇ ಒಂದು ಮಸೂದೆ ಅಲ್ಲಿ ಸಿದ್ಧವಾಗಿತ್ತು. ಅದಕ್ಕೆ ಈ ವಿಷಯವನ್ನೂ ಸೇರಿಸಿ ಫೆಬ್ರವರಿ 22ರಂದು, ಅಂದರೆ ಬೆಲ್‌ಫಾಸ್ಟಿನ ಆ ದಿನದಿಂದ ಎಂಟೇ ದಿನಕ್ಕೆ, ಕಾಮನ್ಸ್ ಸಭೆ ಅಂಗೀಕರಿಸಿತು. ಜೂನ್ 1ರಂದು ಕಾನೂನು ಜಾರಿಗೆ ಬಂತು.

ಒಳ್ಳೆಯದೇ ಆಯಿತಲ್ಲ, ಇನ್ನೇನು ತಕರಾರು ಎನ್ನಬಹುದು. ರೋಗಿಗಳ ಮಟ್ಟಿಗೆ ಒಳ್ಳೆಯದಾಯಿತು, ಸಂಶಯವಿಲ್ಲ. ಆದರೆ ಆ ಸದನದ ಗತಿ? ತನ್ನದೇ ಕಾನೂನನ್ನು ಜಾರಿಗೊಳಿಸಲಾಗದೆ ಸದನ ಅದನ್ನು ಸಮುದ್ರದಾಚೆಯ ಸಂಸತ್ತಿಗೆ ಒಪ್ಪಿಸಿತು. 650 ಸ್ಥಾನಗಳ ಆ ಸಂಸತ್ತಿನಲ್ಲಿ ಉತ್ತರ ಐರ್ಲೆಂಡಿಗೆ ಇರುವುದು 18. ಆ 18ರಲ್ಲಿ ಏಳು ಸ್ಥಾನಗಳು ಆಗ ಸಿನ್ ಫೇನ್ ಪಕ್ಷದವು. ಬ್ರಿಟಿಷ್ ರಾಜಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸುವುದಿಲ್ಲವೆಂಬ ನಿಲುವಿನಿಂದ ಆ ಪಕ್ಷದವರು ಅಲ್ಲಿ ಕಾಲಿಡುವುದೇ ಇಲ್ಲ. ಸ್ಟೋರ್ಮಾಂಟ್ ಮುಚ್ಚಿದಾಗಲೆಲ್ಲ ಆ ಪ್ರಾಂತ್ಯದ ಕಾನೂನು ತಯಾರಾಗುವುದು ಅಲ್ಲಿನ ಜನಪ್ರತಿನಿಧಿಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಮಂದಿ ಹಾಜರಿಲ್ಲದ ಸಭೆಯಲ್ಲಿ. ಸಿನ್ ಫೇನ್ ಕೂಡ ಈ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಸ್ಟೋರ್ಮಾಂಟ್ ಬಾಗಿಲು ತೆರೆಯಿರಿ ಎಂದು ಅಂದು ಕೂಗಿದ ಪಕ್ಷ ಲಂಡನ್ನಿನಲ್ಲಿ ಬಾಗಿಲು ತೆರೆದಿದ್ದರೂ ಒಳಗೆ ಹೋಗುವುದಿಲ್ಲ.

ಸಿನ್ ಫೇನ್‌ನ ಸಾಲ ಇನ್ನೂ ಇದೆ. 2017ರ ಜನವರಿಯಲ್ಲಿ ಸದನವನ್ನು ಬೀಳಿಸಿದ್ದು ಅದೇ ಪಕ್ಷ. ಮರದ ಉಂಡೆಗಳಿಂದ ಉರಿಯುವ ಬಾಯ್ಲರುಗಳಿಗೆ ಸಬ್ಸಿಡಿ ನೀಡುವ ಯೋಜನೆಯೊಂದರಲ್ಲಿ ಇಂಧನದ ಬೆಲೆಗಿಂತ ಸಬ್ಸಿಡಿಯೇ ಹೆಚ್ಚಾಗಿ, ಉರಿಸಿದಷ್ಟೂ ಲಾಭವೆಂಬ ಹಗರಣ ಹೊರಬಂದಿತ್ತು. ಅದರ ಹೊಣೆ ಹೊತ್ತು ಡಿಯುಪಿಯ ಆರ್ಲೀನ್ ಫಾಸ್ಟರ್ ತಾತ್ಕಾಲಿಕವಾಗಿಯಾದರೂ ಪಕ್ಕಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ಮಾರ್ಟಿನ್ ಮೆಗಿನ್ನಿಸ್ ರಾಜೀನಾಮೆ ಕೊಟ್ಟರು. ಅಲ್ಲಿಯವರೆಗೆ ಕಾರಣ ನ್ಯಾಯವಾದದ್ದೇ. ಆದರೆ ಆ ಬಳಿಕ ಐರಿಷ್ ಭಾಷಾ ಕಾಯಿದೆಯೂ ಸೇರಿದಂತೆ ಬೇಡಿಕೆಗಳು ಬೆಳೆದು ಬಾಗಿಲು ಮೂರು ವರ್ಷ ಮುಚ್ಚಿತು. ಅದು ತೆರೆದದ್ದು 2020ರ ಜನವರಿ 11ರಂದು.

ಆ ಮೂರು ವರ್ಷಗಳ ನಡುವೆ ಬಂದ ಒಂದು ದಿನವನ್ನು ಇಲ್ಲಿ ನೆನೆಯಲೇಬೇಕು. 2019ರ ಅಕ್ಟೋಬರ್ 21. ಸದನ ಮುಚ್ಚಿದ್ದಾಗ ಲಂಡನ್ನಿನ ಸಂಸತ್ತು ಗರ್ಭಪಾತ ಮತ್ತು ಸಲಿಂಗ ವಿವಾಹದ ವಿಷಯದಲ್ಲಿ ಉತ್ತರ ಐರ್ಲೆಂಡಿನ ಕಾನೂನನ್ನು ಬದಲಿಸಿತ್ತು. ಅಂದು ಮಧ್ಯರಾತ್ರಿಯಿಂದ ಆ ಬದಲಾವಣೆ ಆಗಲಿತ್ತು. ಅದನ್ನು ತಡೆಯಲು ಡಿಯುಪಿ ಮತ್ತಿತರ ಯೂನಿಯನಿಸ್ಟರು ಸಹಿ ಸಂಗ್ರಹಿಸಿ ಸದನವನ್ನು ಕರೆಸಿದರು. ಈ ಮಣ್ಣಿನ ಕಾನೂನನ್ನು ಈ ಮಣ್ಣಿನ ಪ್ರತಿನಿಧಿಗಳೇ ತೀರ್ಮಾನಿಸಲಿ ಎಂಬುದು ಅಂದಿನ ಅವರ ಅಳಲು. ಆಗ ಎದುರಾದ ಅಡ್ಡಿ ಏನು? ಅದೇ ನಿಯಮ. ಮೊದಲು ಸ್ಪೀಕರ್ ಆಯ್ಕೆಯಾಗಬೇಕು, ಅದಕ್ಕೆ ಎರಡೂ ಬಣ ಬೇಕು. ಸಿನ್ ಫೇನ್ ಬರಲೇ ಇಲ್ಲ. ಎಸ್‌ಡಿಎಲ್‌ಪಿಯವರು ಬಂದು ಎದ್ದು ಹೋದರು. ಸ್ವಲ್ಪ ಹೊತ್ತಿನಲ್ಲೇ ಸಭೆ ಮುಗಿಯಿತು, ಮಧ್ಯರಾತ್ರಿ ಕಾನೂನು ಬದಲಾಯಿತು. ಆ ಕಾನೂನುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅಂದು ಮುಚ್ಚಿದ ಬಾಗಿಲ ಹೊರಗೆ ನಿಂತು ಬಡಿದವರು ಇದೇ ಡಿಯುಪಿಯವರು. ಸರಿಯಾಗಿ ಮೂರೂವರೆ ವರ್ಷವೂ ಆಗುವ ಮುನ್ನ ಅದೇ ಬಾಗಿಲನ್ನು ಒಳಗಿನಿಂದ ಹಾಕಿಕೊಂಡರು. ಲಂಡನ್ ನಮ್ಮ ಮೇಲೆ ಕಾನೂನು ಹೇರಿತೆಂದು 2019ರಲ್ಲಿ ದೂರಿದವರು 2023ರಲ್ಲಿ ಲಂಡನ್ನೇ ಮಾಡಿಕೊಳ್ಳಲಿ ಎಂದರು!

ಈ ಆಟಕ್ಕೆ ಬೆಲೆ ತೆತ್ತವರು ಯಾರು? 2022ರ ಅಕ್ಟೋಬರ್ 28ರಿಂದ ಉತ್ತರ ಐರ್ಲೆಂಡಿನಲ್ಲಿ ಹಂಗಾಮಿ ಸಚಿವರೂ ಉಳಿಯಲಿಲ್ಲ. ಇಲಾಖೆಗಳನ್ನು ಅಧಿಕಾರಿಗಳು ನಡೆಸಿದರು. ಬಜೆಟ್ಟನ್ನು ಲಂಡನ್ನಿನಿಂದ ಬಂದ ಸಚಿವರು ನಿಗದಿಪಡಿಸಿದರು. ಚಿಕಿತ್ಸೆಗಾಗಿ ಕಾಯುವವರ ಪಟ್ಟಿ ಇಡೀ ಬ್ರಿಟನ್ನಿನಲ್ಲೇ ಅತಿ ಕೆಟ್ಟದ್ದೆಂಬ ಹೆಸರು ಮೊದಲೇ ಇತ್ತು. ಅದನ್ನು ಸರಿಪಡಿಸುವ ಕಠಿಣ ತೀರ್ಮಾನ ಕೈಗೊಳ್ಳಲು ಆರೋಗ್ಯ ಸಚಿವರೇ ಇರಲಿಲ್ಲ. ಸದಸ್ಯರ ಸಂಬಳ ಮಾತ್ರ ನಿಲ್ಲಲಿಲ್ಲ. ಸಾರ್ವಜನಿಕರ ಸಿಟ್ಟು ಕಂಡು 2023ರ ಜನವರಿಯಿಂದ ಶೇ. 27.5ರಷ್ಟು ಕಡಿತ ಮಾಡಲಾಯಿತು. ಆದರೂ ವರ್ಷಕ್ಕೆ 37 ಸಾವಿರ ಪೌಂಡಿಗಿಂತ ಹೆಚ್ಚು ಅವರ ಖಾತೆಗೆ ಬೀಳುತ್ತಲೇ ಇತ್ತು. ಕೆಲಸಕ್ಕೆ ಬಾರದ ದಾದಿಗೆ ಸಂಬಳ ಕೊಡುವ ಆಸ್ಪತ್ರೆ ಇದೆಯೇ?

ದಾದಿಯರ ಮಾತು ಬಂತು. 2024ರ ಜನವರಿ 18ರಂದು ಉತ್ತರ ಐರ್ಲೆಂಡಿನಲ್ಲಿ ದಾದಿಯರು, ಶಿಕ್ಷಕರು, ಬಸ್ ಚಾಲಕರು ಸೇರಿ ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ನೌಕರರು ಕೆಲಸ ನಿಲ್ಲಿಸಿ ಚಳಿಯಲ್ಲಿ ಬೀದಿಗಿಳಿದರು. ಬ್ರಿಟನ್ನಿನ ಉಳಿದೆಡೆ ಅವರ ಸಹೋದ್ಯೋಗಿಗಳಿಗೆ ಸಿಕ್ಕ ವೇತನ ಹೆಚ್ಚಳ ಅವರಿಗೆ ಸಿಕ್ಕಿರಲಿಲ್ಲ. ಹಣ ಇರಲಿಲ್ಲವೇ? ಇತ್ತು. ಲಂಡನ್ ಸರಕಾರ 2023ರ ಡಿಸೆಂಬರ್‌ನಲ್ಲಿ 330 ಕೋಟಿ ಪೌಂಡುಗಳ ನೆರವನ್ನು ಮುಂದಿಟ್ಟಿತ್ತು. ಆದರೆ ಸದನ ಪುನರಾರಂಭವಾದರೆ ಮಾತ್ರ ಎಂಬ ಷರತ್ತು. ಡಿಯುಪಿ ರೋಗಿಗಳನ್ನು ಒತ್ತೆ ಇಟ್ಟರೆ ಲಂಡನ್ ದಾದಿಯರನ್ನು ಒತ್ತೆ ಇಟ್ಟಿತು. ರಾಜಕಾರಣಿಯ ಮನಸ್ಸು ಬದಲಿಸಲು ನೌಕರನ ಸಂಬಳ ತಡೆಹಿಡಿಯುವುದು ಎಲ್ಲಿಯ ನ್ಯಾಯ? ಇದರ ಬಗ್ಗೆ ಬ್ರಿಟನ್ನಿನ ಸಚಿವರು ಉತ್ತರಿಸಬೇಕಿತ್ತು. ಉತ್ತರಿಸಲಿಲ್ಲ.

ಇನ್ನು ಆ ನಿಯಮದೊಳಗಿನ ಮತ್ತೊಂದು ಅನ್ಯಾಯ. 1998ರಲ್ಲಿ ಎರಡು ಸಮುದಾಯಗಳನ್ನು ಕಣ್ಣ ಮುಂದಿರಿಸಿ ಅದನ್ನು ರಚಿಸಲಾಯಿತು. ಎರಡೂ ಅಲ್ಲದವರು ಅಂದು ಕೆಲವರಷ್ಟೇ. 2022ರಲ್ಲಿ 'ಇತರರು' ಎಂದು ಬರೆದವರು 18 ಮಂದಿ, ಅದರಲ್ಲಿ ಅಲಯನ್ಸ್ ಪಕ್ಷದವರೇ 17. ಒಟ್ಟು ಶೇ. 60ರ ಲೆಕ್ಕದಲ್ಲಿ ಅವರ ಮತಕ್ಕೆ ಬೆಲೆ ಉಂಟು. ಎರಡು ಬಣಗಳ ಲೆಕ್ಕದಲ್ಲಿ ಅದು ಸೊನ್ನೆ. ಹಾಂಕಾಂಗ್‌ನಲ್ಲಿ ಹುಟ್ಟಿದ ಆ್ಯನಾ ಲೋ ಅವರು 2007ರಲ್ಲಿ ಇದೇ ಪಕ್ಷದಿಂದ ದಕ್ಷಿಣ ಬೆಲ್‌ಫಾಸ್ಟ್‌ನಿಂದ ಆಯ್ಕೆಯಾದರು. ಪ್ರೊಟೆಸ್ಟಂಟ್-ಕ್ಯಾಥೊಲಿಕ್ ಕಲಹದಲ್ಲಿ ಪಾಲೇ ಇಲ್ಲದ ಇಂತಹವರು ತಮ್ಮ ಮತಕ್ಕೆ ಪೂರ್ಣ ಬೆಲೆ ಬೇಕಾದರೆ ಆ ಕಲಹದ ಒಂದು ಕಡೆ ಸೇರಬೇಕು! ಅಲ್ಪಸಂಖ್ಯಾತರ ರಕ್ಷಣೆಗೆಂದು ಮಾಡಿದ ನಿಯಮ ಅತ್ಯಂತ ಚಿಕ್ಕ ಅಲ್ಪಸಂಖ್ಯಾತರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹಾಗಾದರೆ ರಕ್ಷಣೆಯನ್ನೇ ಕಿತ್ತು ಹಾಕಬೇಕೇ? ಖಂಡಿತ ಬೇಡ. ದಾರಿ ಇದೆ, ಅದನ್ನು ಅವರೇ ಒಮ್ಮೆ ತುಳಿದಿದ್ದಾರೆ. ಸದನದಲ್ಲಿ 30 ಸದಸ್ಯರು ಸಹಿ ಹಾಕಿದರೆ ಯಾವ ಮಸೂದೆಗೂ ಎರಡೂ ಸಮುದಾಯಗಳ ಒಪ್ಪಿಗೆ ಕಡ್ಡಾಯವಾಗುವ ಇನ್ನೊಂದು ಅಸ್ತ್ರವಿತ್ತು. 'ಕಳವಳದ ಅರ್ಜಿ' ಎಂದು ಅದನ್ನು ಕರೆಯಬಹುದು. 30ಕ್ಕೂ ಹೆಚ್ಚು ಸ್ಥಾನವಿದ್ದ ಪಕ್ಷ ಒಂಟಿಯಾಗಿಯೇ ಅದನ್ನು ಪ್ರಯೋಗಿಸಬಲ್ಲದಾಗಿತ್ತು. ಅದರ ದುರುಪಯೋಗ ಮಿತಿಮೀರಿದ ಮೇಲೆ 2020ರ ಒಪ್ಪಂದದಲ್ಲಿ ತಿದ್ದಲು ನಿಶ್ಚಯಿಸಿ, 2022ರಲ್ಲಿ ಕಾನೂನು ಮಾಡಿದರು. ಈಗ 30 ಸಹಿಗಳು ಕನಿಷ್ಠ ಎರಡು ಪಕ್ಷಗಳಿಂದ ಬರಬೇಕು. ರಕ್ಷಣೆ ಉಳಿಯಿತು, ಒಂದು ಪಕ್ಷದ ಏಕಸ್ವಾಮ್ಯ ಹೋಯಿತು. ಇದರಿಂದ ಯಾವ ಸಮುದಾಯದ ಮೇಲೂ ಆಕಾಶ ಕಳಚಿ ಬೀಳಲಿಲ್ಲ.

ಮಸೂದೆಗೆ ಅನ್ವಯಿಸಿದ ಈ ವಿವೇಕ ಸ್ಪೀಕರ್ ಆಯ್ಕೆಗೆ ಏಕೆ ಅನ್ವಯಿಸಬಾರದು? ಮಸೂದೆಯೊಂದು ಸಮುದಾಯವೊಂದಕ್ಕೆ ಕೇಡು ಮಾಡಬಹುದು, ಅದನ್ನು ತಡೆಯುವ ಹಕ್ಕು ಇರಲಿ. ಆದರೆ ಪೀಠದಲ್ಲಿ ಕುಳಿತ ಸ್ಪೀಕರ್ ಯಾರಿಗೆ ಕೇಡು ಮಾಡುತ್ತಾರೆ? ಪಕ್ಷ ಬಿಟ್ಟು ನಿಷ್ಪಕ್ಷಪಾತವಾಗಿ ನಡೆಯಬೇಕಾದ ಹುದ್ದೆ ಅದು. ಸದನದ ಮೂರನೇ ಎರಡು ಭಾಗದಷ್ಟು ಸದಸ್ಯರು, ಬಣದ ಹೆಸರು ನೋಡದೆ, ಒಪ್ಪಿದರೆ ಸ್ಪೀಕರ್ ಆಯ್ಕೆಯಾಗಲಿ. ಯಾವ ಬಣವೂ ಒಂಟಿಯಾಗಿ ಅಷ್ಟು ಸಂಖ್ಯೆ ಮುಟ್ಟಲಾರದು. ಹಾಗಾಗಿ ತುಳಿಯುವ ಭಯವಿಲ್ಲ. ಯಾವ ಪಕ್ಷವೂ ಒಂಟಿಯಾಗಿ ತಡೆಯಲಾರದು; ಹಾಗಾಗಿ ಬೀಗ ಜಡಿಯುವ ಭಯವೂ ಇಲ್ಲ. ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಹುದ್ದೆಗಳಲ್ಲೂ ಇದೇ ತೊಡಕಿದೆ. ಇಬ್ಬರೂ ಸಮಾನರು, ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಬೀಳುತ್ತಾರೆ. ಒಂದು ಪಕ್ಷ ಬರಲೊಲ್ಲದಿದ್ದರೆ ಆ ಅವಕಾಶ ಮುಂದಿನ ಪಕ್ಷಕ್ಕೆ ಹೋಗಲಿ. ಅಲಯನ್ಸ್ ಪಕ್ಷ ಇಂತಹ ಸುಧಾರಣೆಯನ್ನು ಕೇಳುತ್ತಾ ಬಂದಿದೆ. ದೊಡ್ಡ ಪಕ್ಷಗಳೆರಡೂ ಬೀಗದ ಕೈ ಬಿಡಲು ಮನಸ್ಸು ಮಾಡದಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ: ಇಂದು ನನ್ನ ವಿರುದ್ಧ ಬಳಕೆಯಾದ ಬೀಗ ನಾಳೆ ನನಗೂ ಬೇಕಾಗಬಹುದು.

ಪ್ರೊಟೊಕಾಲಿಗೆ ಬದಲಾಗಿ 2023ರ ಫೆಬ್ರವರಿ 27ರಂದು ಲಂಡನ್ ಮತ್ತು ಬ್ರಸೆಲ್ಸ್ ಹೊಸ ವಿಂಡ್ಸರ್ ಒಪ್ಪಂದ ಮಾಡಿಕೊಂಡವು. ಆದರೂ ಡಿಯುಪಿ ಇನ್ನೊಂದು ವರ್ಷ ಹೊರಗೇ ಕುಳಿತಿತು. ಕೊನೆಗೆ 2024ರ ಫೆಬ್ರವರಿ 3ರಂದು ಸದನ ಸೇರಿ ಅದೇ ಪಕ್ಷದ ಎಡ್ವಿನ್ ಪೂಟ್ಸ್ ಅವರನ್ನು ಸ್ಪೀಕರ್ ಆಗಿ ಆರಿಸಿತು. ಅದೇ ದಿನ ಸಿನ್ ಫೇನ್‌ನ ಮಿಶೆಲ್ ಓ'ನೀಲ್ ಫಸ್ಟ್ ಮಿನಿಸ್ಟರ್ ಆದರು. ಆ ಸ್ಥಾನಕ್ಕೆ ನ್ಯಾಷನಲಿಸ್ಟ್ ಒಬ್ಬರು ಬಂದದ್ದು ಅದೇ ಮೊದಲು. 25 ಮಂದಿ ಬೇಡವೆಂದಾಗ ಎರಡು ವರ್ಷ ಆಗದ ಕೆಲಸ ಅವರು ಹೂಂ ಎಂದ ಮೇಲೆ ಒಂದು ದಿನದಲ್ಲಿ ಮುಗಿಯಿತು. ಎರಡಕ್ಕೂ ಆಧಾರ ಅದೇ ನಿಯಮ. ಅದನ್ನು ತಿದ್ದುವ ಅಧಿಕಾರ ಇರುವುದು ಲಂಡನ್ನಿನ ಸಂಸತ್ತಿಗೆ. ತಿದ್ದಿರೆಂದು ಕೇಳಬೇಕಾದದ್ದು ಸ್ಟೋರ್ಮಾಂಟ್‌ನ ಪಕ್ಷಗಳು. ಅಲ್ಲಿ ಪ್ರತಿ ಚುನಾವಣೆಯ ಬಳಿಕ ಮೊದಲ ದಿನದ ಮೊದಲ ಕಲಾಪ ಸ್ಪೀಕರ್ ಆಯ್ಕೆ. ಇನ್ನೊಂದು ಚುನಾವಣೆ ಬರುವ ಮುನ್ನ ಆ ಒಂದು ವಾಕ್ಯವನ್ನು ಬದಲಿಸಲಿ.